ಬಿಲ್ ಕಟ್ಟುವವರು ಯಾರು? ಟಿ.ಆರ್. ರೀಡ್ ಅವರ ಪುಸ್ತಕವನ್ನು ಇಲ್ಲಿಂದ ಓದಿದಾಗ

ಟಿ.ಆರ್. ರೀಡ್ ಅಮೆರಿಕದ ಹಿರಿಯ ಪತ್ರಕರ್ತರು. ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯ ಪ್ರತಿನಿಧಿಯಾಗಿ ಟೋಕಿಯೊ ಮತ್ತು ಲಂಡನ್ ನಗರಗಳಲ್ಲಿ ಇದ್ದವರು. 2009ರಲ್ಲಿ ಪ್ರಕಟವಾದ ಅವರ ‘ದಿ ಹೀಲಿಂಗ್ ಆಫ್ ಅಮೆರಿಕ’ ಎಂಬ ಪುಸ್ತಕ, ಆರೋಗ್ಯ ಸೇವೆಯ ಖರ್ಚನ್ನು ಬೇರೆ ಬೇರೆ ದೇಶಗಳು ಹೇಗೆ ಭರಿಸುತ್ತವೆ ಎಂಬುದನ್ನು ಸಾಮಾನ್ಯ ಓದುಗನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದ ಕೃತಿಗಳಲ್ಲಿ ಮುಖ್ಯವಾದುದು. ಬರಾಕ್ ಒಬಾಮ ಅವರ ಆರೋಗ್ಯ ಮಸೂದೆಯ ಮೇಲೆ ಅಮೆರಿಕದಲ್ಲಿ ಬಿಸಿ ಚರ್ಚೆ ನಡೆಯುತ್ತಿದ್ದ ಕಾಲದಲ್ಲಿ ಬಂದ ಈ ಪುಸ್ತಕವನ್ನು ಇಷ್ಟು ವರ್ಷಗಳ ನಂತರ ಮತ್ತೆ ಕೈಗೆತ್ತಿಕೊಳ್ಳಲು ಕಾರಣವಿದೆ. ಅದು ಹೋಲಿಸಿದ ದೇಶಗಳಲ್ಲಿ ಆಮೇಲೆ ಏನಾಯಿತು ಎಂಬುದು ಈಗ ನಮ್ಮ ಕಣ್ಣ ಮುಂದಿದೆ. ಜೊತೆಗೆ, ಅಮೆರಿಕದವರಿಗಾಗಿ ಬರೆದ ಈ ಪುಸ್ತಕದಲ್ಲಿ ಭಾರತವೂ ಬರುತ್ತದೆ. ಅದು ಬರುವ ರೀತಿಯ ಬಗ್ಗೆ ನಮ್ಮದೊಂದು ತಕರಾರಿದೆ.

ಪುಸ್ತಕದ ಹಂದರ ಸರಳವಾದುದು. ನೌಕಾಪಡೆಯಲ್ಲಿದ್ದಾಗ ಲೇಖಕರ ಭುಜಕ್ಕೆ ಪೆಟ್ಟಾಗಿತ್ತು. ವಯಸ್ಸಾದಂತೆ ಆ ನೋವು ಮರಳಿ ಬಂತು. ಅಮೆರಿಕದ ವೈದ್ಯರು ಕೃತಕ ಕೀಲು ಜೋಡಿಸುವ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಸೂಚಿಸಿದರು. ರೀಡ್ ಅದೇ ಭುಜವನ್ನು ಹೊತ್ತು ಫ್ರಾನ್ಸ್, ಜರ್ಮನಿ, ಜಪಾನ್, ಬ್ರಿಟನ್, ಕೆನಡಾ ಮತ್ತು ಭಾರತಕ್ಕೆ ಹೋದರು. ಜರ್ಮನಿಯಲ್ಲಿ ಬೇಕಾದರೆ ಶಸ್ತ್ರಚಿಕಿತ್ಸೆ ಮಾಡುತ್ತೇವೆ ಎಂದರು. ಬ್ರಿಟನ್ನಿನ ವೈದ್ಯರು ಇದರೊಂದಿಗೆ ಬದುಕುವುದನ್ನು ಕಲಿಯಿರಿ ಎಂದು ಕಳಿಸಿದರು. ಕೆನಡಾದಲ್ಲಿ ತಜ್ಞರನ್ನು ಕಾಣಲು ತಿಂಗಳುಗಟ್ಟಲೆ ಕಾಯಬೇಕೆಂಬ ಉತ್ತರ ಸಿಕ್ಕಿತು. ಒಂದೇ ಕಾಯಿಲೆಯನ್ನು ಹಲವು ಬಾಗಿಲುಗಳಲ್ಲಿ ತೋರಿಸಿದ್ದರಿಂದ, ಒಣ ಅಂಕಿ ಅಂಶಗಳ ಕೋಷ್ಟಕ ಕೊಡಲಾಗದ ತಿಳಿವಳಿಕೆ ಈ ಪುಸ್ತಕದಲ್ಲಿ ಸಿಗುತ್ತದೆ.

ನಾಲ್ಕು ದಾರಿಗಳು

ಜಗತ್ತಿನ ವ್ಯವಸ್ಥೆಗಳನ್ನು ರೀಡ್ ನಾಲ್ಕು ಮಾದರಿಗಳಾಗಿ ವಿಂಗಡಿಸುತ್ತಾರೆ. ಮೊದಲನೆಯದು ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ 1883ರಲ್ಲಿ ತಂದ ಕಾಯಿಲೆ ವಿಮೆ. ಕಾರ್ಮಿಕ ಮತ್ತು ಮಾಲೀಕ ಸೇರಿ ಒಂದು ನಿಧಿಗೆ ಹಣ ಕಟ್ಟುತ್ತಾರೆ. ವೈದ್ಯರು, ಆಸ್ಪತ್ರೆಗಳು ಬಹುಪಾಲು ಸರ್ಕಾರದ ನೌಕರಿಯಲ್ಲಿ ಇರುವುದಿಲ್ಲ. ಇಂದು ಜರ್ಮನಿಯ ಸಾರ್ವಜನಿಕ ವಿಮಾ ನಿಧಿಗಳ ಮೂಲ ವಂತಿಗೆ ಸಂಬಳದ ಶೇ. 14.6. ಅದನ್ನು ಇಬ್ಬರೂ ಅರ್ಧರ್ಧ ಭರಿಸುತ್ತಾರೆ. ನಿಧಿಗೆ ತಕ್ಕಂತೆ ಒಂದಿಷ್ಟು ಹೆಚ್ಚುವರಿ ಸೇರುತ್ತದೆ. ವಂತಿಗೆ ಸಂಬಳವನ್ನು ನೋಡಿ ನಿಗದಿಯಾಗುತ್ತದೆ, ರೋಗವನ್ನು ನೋಡಿ ಅಲ್ಲ. ಸಕ್ಕರೆ ಕಾಯಿಲೆಯವನೂ ಕುಸ್ತಿ ಪೈಲ್ವಾನನೂ ಒಂದೇ ಸಂಬಳಕ್ಕೆ ಒಂದೇ ವಂತಿಗೆ ಕಟ್ಟುತ್ತಾರೆ. ಜಪಾನ್, ಫ್ರಾನ್ಸ್ ದೇಶಗಳು ಇದೇ ಬೇರಿನಿಂದ ಬೆಳೆದವು.

ಎರಡನೆಯದು ಬ್ರಿಟನ್ನಿನ ದಾರಿ. ವಿಲಿಯಂ ಬೆವರಿಜ್ 1942ರ ವರದಿಯಲ್ಲಿ ಸೂಚಿಸಿದ್ದನ್ನು ಆರೋಗ್ಯ ಮಂತ್ರಿ ಅನ್ಯೂರಿನ್ ಬೆವನ್ 1948ರ ಜುಲೈ 5ರಂದು ಜಾರಿಗೆ ತಂದರು. ಖರ್ಚು ತೆರಿಗೆಯಿಂದ, ಆಸ್ಪತ್ರೆ ಸರ್ಕಾರದ್ದು, ರೋಗಿಗೆ ಬಿಲ್ ಇಲ್ಲ. ಮೂರನೆಯದು ಕೆನಡಾದ್ದು. ಅಲ್ಲಿ ವೈದ್ಯ ಖಾಸಗಿಯವನು, ಹಣ ಕೊಡುವವನು ಮಾತ್ರ ಸರ್ಕಾರ. ನಾಲ್ಕನೆಯದಕ್ಕೆ ಹೆಸರು ಕೊಡಬೇಕಾದ ಅಗತ್ಯವೇ ಇಲ್ಲ. ದುಡ್ಡಿದ್ದವನು ವೈದ್ಯರ ಬಳಿ ಹೋಗುತ್ತಾನೆ, ಇಲ್ಲದವನು ಸಾಲ ಮಾಡುತ್ತಾನೆ ಅಥವಾ ಮನೆಯಲ್ಲೇ ಉಳಿಯುತ್ತಾನೆ. ಜಗತ್ತಿನ ಬಡ ದೇಶಗಳ ಬಹುಪಾಲು ಜನ ಇರುವುದು ಇದರಲ್ಲೇ.

ಈ ವಿಂಗಡಣೆ ರೀಡ್ ಅವರ ಸ್ವಂತದ್ದಲ್ಲ, ತಜ್ಞರ ನಡುವೆ ಮೊದಲೇ ಬಳಕೆಯಲ್ಲಿತ್ತು. ಆದರೆ ಅದನ್ನು ಬಳಸಿ ಅವರು ಮಾಡುವ ಒಂದು ಮಾತು ತೀಕ್ಷ್ಣವಾಗಿದೆ. ಅಮೆರಿಕದಲ್ಲಿ ಈ ನಾಲ್ಕೂ ಇವೆ ಎನ್ನುತ್ತಾರೆ ಅವರು. ಮಾಜಿ ಸೈನಿಕರಿಗೆ ಬ್ರಿಟನ್, 65 ದಾಟಿದವರಿಗೆ ಕೆನಡಾ, ಕಂಪನಿಯ ನೌಕರರಿಗೆ ಜರ್ಮನಿ, ವಿಮೆಯಿಲ್ಲದವರಿಗೆ ಬಡ ದೇಶ. ಉಳಿದ ಶ್ರೀಮಂತ ದೇಶಗಳು ಎಲ್ಲರಿಗೂ ಒಂದೇ ನಿಯಮವನ್ನು ಆರಿಸಿಕೊಂಡವು. ಅಮೆರಿಕ ಪ್ರಜೆಗಳನ್ನು ಗುಂಪುಗಳಾಗಿ ಒಡೆಯಿತು. ಹಾಗಾಗಿಯೇ ದೇಶದ ಒಟ್ಟು ಉತ್ಪನ್ನದ ಶೇ. 17ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಸುರಿದರೂ ಅಲ್ಲಿ ಕೋಟಿಗಟ್ಟಲೆ ಜನ ವಿಮೆಯ ಹೊರಗೆ ಉಳಿಯುತ್ತಾರೆ. ಜಪಾನಿನಲ್ಲಿ ಪ್ರತಿ ಚಿಕಿತ್ಸೆಯ ದರವನ್ನು ಸರ್ಕಾರ ನಿಗದಿ ಮಾಡಿ ಎರಡು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತದೆ. ಅಮೆರಿಕದಲ್ಲಿ ಸಾವಿರ ಡಾಲರ್ ದಾಟುವ ಎಂಆರ್‌ಐ ಪರೀಕ್ಷೆ ಅಲ್ಲಿ ಸುಮಾರು ನೂರು ಡಾಲರಿಗೆ ಆಗುತ್ತಿತ್ತು ಎಂಬುದು ಪುಸ್ತಕದ ಹೆಚ್ಚು ಚರ್ಚೆಗೊಳಗಾದ ಉದಾಹರಣೆ. ದರ ಇಳಿಸಿದಾಗ ತಯಾರಕರು ಅಗ್ಗದ ಯಂತ್ರಗಳನ್ನು ತಂದರು. ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟರೆ ಅದು ತಾನಾಗಿ ಇಳಿಯುತ್ತದೆ ಎಂದು ನಂಬಿಸಿದವರಿಗೆ ಇದು ಒಳ್ಳೆಯ ಉತ್ತರ.

ಆಮೇಲೆ ಏನಾಯಿತು?

ವ್ಯವಸ್ಥೆ ಎಷ್ಟೇ ದೊಡ್ಡದಿದ್ದರೂ ಬದಲಾಯಿಸಬಹುದು ಎಂದು ತೋರಿಸಲು ರೀಡ್ ಎರಡು ದೇಶಗಳನ್ನು ಮುಂದಿಡುತ್ತಾರೆ: ತೈವಾನ್ ಮತ್ತು ಸ್ವಿಟ್ಜರ್ಲೆಂಡ್. ಎರಡೂ 1990ರ ದಶಕದ ಮಧ್ಯಭಾಗದಲ್ಲಿ ತಮ್ಮ ವ್ಯವಸ್ಥೆಯನ್ನು ಬದಲಾಯಿಸಿದವು. ಪುಸ್ತಕ ಇವೆರಡನ್ನೂ ಗೆಲುವಿನ ಕಥೆಗಳಾಗಿಯೇ ಹೇಳುತ್ತದೆ. ಇಂದು ನೋಡಿದರೆ ಎರಡರ ಹಾದಿ ಒಂದೇ ಅಲ್ಲ.

ತೈವಾನ್ ಹಲವು ದೇಶಗಳ ಅನುಭವವನ್ನು ಅಧ್ಯಯನ ಮಾಡಿ 1995ರ ಮಾರ್ಚಿನಲ್ಲಿ ರಾಷ್ಟ್ರೀಯ ಆರೋಗ್ಯ ವಿಮೆಯನ್ನು ಆರಂಭಿಸಿತು. ಅಲ್ಲಿಯವರೆಗೆ ಸರ್ಕಾರಿ ನೌಕರರಿಗೆ, ಕಾರ್ಮಿಕರಿಗೆ, ರೈತರಿಗೆ ಬೇರೆ ಬೇರೆ ವಿಮೆಗಳಿದ್ದವು. ಮಕ್ಕಳೂ ವೃದ್ಧರೂ ಸೇರಿ ಶೇ. 40ರಷ್ಟು ಜನ ಯಾವುದರಲ್ಲೂ ಇರಲಿಲ್ಲ. ಆ ತುಂಡುಗಳನ್ನೆಲ್ಲ ಒಂದೇ ನಿಧಿಗೆ ಸೇರಿಸಲಾಯಿತು. ಸ್ವಲ್ಪ ಕಾಲದಲ್ಲೇ ಶೇ. 90ಕ್ಕಿಂತ ಹೆಚ್ಚು ಜನ ಒಳಗೆ ಬಂದರು, ಈಗ ಹೆಚ್ಚುಕಡಿಮೆ ಎಲ್ಲರೂ ಇದ್ದಾರೆ. ಸಂಬಳದ ಮೇಲಿನ ವಂತಿಗೆ ಸಾಲದೆ ಬಂದಾಗ, 2013ರಲ್ಲಿ ಬಡ್ಡಿ, ಬಾಡಿಗೆ, ಲಾಭಾಂಶಗಳಂಥ ಇತರ ಆದಾಯದ ಮೇಲೂ ಪೂರಕ ವಂತಿಗೆ ಹಾಕಲಾಯಿತು. ದುಡಿಯುವವನ ಸಂಬಳದಿಂದ ಮಾತ್ರ ಕೀಳುವುದು ನ್ಯಾಯವಲ್ಲ, ಕುಳಿತು ಉಣ್ಣುವ ಆದಾಯವೂ ತನ್ನ ಪಾಲು ಕೊಡಬೇಕು ಎಂಬ ತಿದ್ದುಪಡಿ ಅದು. ವೈದ್ಯರು ನಿಮಿಷಗಳ ಲೆಕ್ಕದಲ್ಲಿ ರೋಗಿಗಳನ್ನು ನೋಡಿ ಕಳಿಸುತ್ತಾರೆ ಎಂಬ ದೂರು ಅಲ್ಲಿಯೂ ಇದೆ. ಆದರೆ ಅಡಿಪಾಯ ಗಟ್ಟಿಯಾಗಿ ನಿಂತಿದೆ.

ಸ್ವಿಟ್ಜರ್ಲೆಂಡಿನಲ್ಲಿ 1994ರ ಡಿಸೆಂಬರಿನ ಜನಮತ ಗಣನೆಯಲ್ಲಿ ಕೂದಲೆಳೆಯ ಅಂತರದಿಂದ ಗೆದ್ದ ಕಾನೂನು 1996ರಲ್ಲಿ ಜಾರಿಗೆ ಬಂತು. ಎಲ್ಲರೂ ವಿಮೆ ಕೊಳ್ಳಲೇಬೇಕು. ಮೂಲ ವಿಮೆಯಲ್ಲಿ ಕಂಪನಿ ಲಾಭ ಮಾಡುವಂತಿಲ್ಲ. ಕಾಯಿಲೆ ಇದ್ದವನನ್ನು ತಿರಸ್ಕರಿಸುವಂತಿಲ್ಲ. ಇಷ್ಟರಮಟ್ಟಿಗೆ ರೀಡ್ ಮೆಚ್ಚಿದ್ದು ಸರಿ. ಆದರೆ ಅಲ್ಲಿನ ವಂತಿಗೆ ಆದಾಯಕ್ಕೆ ಅನುಗುಣವಾಗಿಲ್ಲ. ಒಂದೇ ಪ್ರದೇಶದಲ್ಲಿ, ಒಂದೇ ಕಂಪನಿಯ ಅದೇ ವಿಮೆಗೆ ಬ್ಯಾಂಕಿನ ನಿರ್ದೇಶಕನೂ ಹೋಟೆಲಿನ ಮಾಣಿಯೂ ಒಂದೇ ಮೊತ್ತ ಕಟ್ಟುತ್ತಾರೆ. ಕಡಿಮೆ ಆದಾಯದವರಿಗೆ ಸರ್ಕಾರ ಸಹಾಯಧನ ಕೊಡುತ್ತದೆ ನಿಜ. ಆದರೆ ಮಧ್ಯಮ ವರ್ಗದ ಮೇಲೆ ಹೊರೆ ವರ್ಷದಿಂದ ವರ್ಷಕ್ಕೆ ಏರುತ್ತ ಬಂತು. ಮನೆಯ ಆದಾಯದ ಶೇ. 10ಕ್ಕಿಂತ ಹೆಚ್ಚು ವಂತಿಗೆ ಆಗಬಾರದು ಎಂಬ ಪ್ರಸ್ತಾವ 2024ರ ಜೂನಿನಲ್ಲಿ ಜನರ ಮುಂದೆ ಬಂದು ಸೋತಿತು. ಎಲ್ಲರನ್ನೂ ಒಳಗೆ ತರುವುದು ಒಂದು ಪ್ರಶ್ನೆ, ಹೊರೆಯನ್ನು ಹೇಗೆ ಹಂಚುವುದು ಎಂಬುದು ಇನ್ನೊಂದು ಪ್ರಶ್ನೆ. ರೀಡ್ ಮೊದಲನೆಯದಕ್ಕೆ ಕೊಟ್ಟಷ್ಟು ಮಹತ್ವವನ್ನು ಎರಡನೆಯದಕ್ಕೆ ಕೊಟ್ಟಿಲ್ಲ ಎಂದು ನಮಗೆ ಅನ್ನಿಸುತ್ತದೆ.

ತೈವಾನಿನ ಯೋಜನೆಗೆ ಸಲಹೆ ಕೊಟ್ಟವರಲ್ಲಿ ಮುಖ್ಯರು ಹಾರ್ವರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ವಿಲಿಯಂ ಶಿಯಾವ್. ಅದೇ ಶಿಯಾವ್ ಅವರನ್ನು ಅಮೆರಿಕದ ವರ್ಮಾಂಟ್ ಎಂಬ ಸಣ್ಣ ರಾಜ್ಯವೂ ಕರೆಸಿಕೊಂಡಿತು. 2011ರಲ್ಲಿ ಅಲ್ಲಿ ಎಲ್ಲರಿಗೂ ಒಂದೇ ಸಾರ್ವಜನಿಕ ವಿಮೆ ಎಂಬ ಕಾನೂನು ಪಾಸಾಯಿತು. ಆದರೆ ಅದಕ್ಕೆ ಬೇಕಾದ ತೆರಿಗೆಯ ಲೆಕ್ಕ ಮೇಜಿಗೆ ಬಂದಾಗ, 2014ರ ಡಿಸೆಂಬರಿನಲ್ಲಿ ಗವರ್ನರ್ ಪೀಟರ್ ಶಮ್ಲಿನ್ ಕೈಚೆಲ್ಲಿದರು. ಅದೇ ತಜ್ಞ, ಹೆಚ್ಚುಕಡಿಮೆ ಅದೇ ನಕ್ಷೆ. ಒಂದು ಕಡೆ ಮನೆ ಎದ್ದಿತು, ಇನ್ನೊಂದು ಕಡೆ ಪಾಯವೂ ತೋಡಲಿಲ್ಲ. ವರ್ಮಾಂಟಿನ ಜನ ಮೊದಲೇ ಕಂಪನಿಗಳ ಮೂಲಕ ಅಷ್ಟೇ ಹಣವನ್ನು ವಿಮೆಗೆ ತೆರುತ್ತಿದ್ದರು, ಆದರೆ ಅದು ಕಣ್ಣಿಗೆ ಕಾಣುತ್ತಿರಲಿಲ್ಲ. ತೆರಿಗೆ ಕಾಣುತ್ತದೆ. ಬೆಳೆಯುತ್ತಿದ್ದ ಆರ್ಥಿಕತೆ, ಆಗಷ್ಟೇ ಪ್ರಜಾಪ್ರಭುತ್ವಕ್ಕೆ ತೆರೆದುಕೊಳ್ಳುತ್ತಿದ್ದ ರಾಜಕಾರಣ, ಜನರ ಒಲವು ಗಳಿಸಲೇಬೇಕಾದ ಒತ್ತಡದಲ್ಲಿದ್ದ ಆಡಳಿತ ಪಕ್ಷ ತೈವಾನಿಗೆ ಇದ್ದವು. ವರ್ಮಾಂಟಿಗೆ ಇವ್ಯಾವುವೂ ಇರಲಿಲ್ಲ. ಮಾದರಿಯನ್ನು ಆಮದು ಮಾಡಿಕೊಳ್ಳಬಹುದು, ಅದನ್ನು ಹೊತ್ತು ನಿಲ್ಲುವ ರಾಜಕೀಯ ಬಲವನ್ನು ಆಮದು ಮಾಡಿಕೊಳ್ಳಲು ಬರುವುದಿಲ್ಲ.

ನೈತಿಕ ಪ್ರಶ್ನೆ ಮತ್ತು ಜಗಳ

ಪುಸ್ತಕದ ಕೇಂದ್ರ ವಾದ ಇದು: ಹಣದ ಲೆಕ್ಕಕ್ಕೆ ಮೊದಲು ಒಂದು ನೈತಿಕ ಪ್ರಶ್ನೆಗೆ ದೇಶ ಉತ್ತರ ಕೊಡಬೇಕು. ಕಾಯಿಲೆ ಬಿದ್ದವನಿಗೆ ಚಿಕಿತ್ಸೆ ಕೊಡುವುದು ಸಮಾಜದ ಹೊಣೆಯೇ, ಅಲ್ಲವೇ? ಹೌದು ಎಂದವರಿಗೆ ದಾರಿ ಸಿಗುತ್ತದೆ. ಈ ಮಾತನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಅಮೆರಿಕದ ಮುಂದಿನ ಇತಿಹಾಸವೂ ಇದನ್ನೇ ಸಾರುತ್ತದೆ. 2010ರ ಕಾನೂನಿನಿಂದ ವಿಮೆಯಿಲ್ಲದವರ ಸಂಖ್ಯೆ ನಾಲ್ಕೂವರೆ ಕೋಟಿಗೂ ಮಿಗಿಲಿದ್ದದ್ದು 2023ರ ಹೊತ್ತಿಗೆ ಸುಮಾರು 2.6 ಕೋಟಿಗೆ ಇಳಿಯಿತು. ಆದರೆ ಪ್ರಶ್ನೆ ಇತ್ಯರ್ಥವಾಗಲಿಲ್ಲ. 2017ರಲ್ಲಿ ಆ ಕಾನೂನನ್ನೇ ಕಿತ್ತೊಗೆಯುವ ಯತ್ನ ಸೆನೆಟ್ಟಿನಲ್ಲಿ ಸೋತಿತು. ಅದೇ ವರ್ಷದ ಕೊನೆಯಲ್ಲಿ ವಿಮೆ ಮಾಡಿಸದವರಿಗಿದ್ದ ದಂಡವನ್ನು ಸೊನ್ನೆ ಮಾಡುವ ನಿರ್ಧಾರವಾಯಿತು. 2025ರ ಜುಲೈಯಲ್ಲಿ ಬಡವರ ಮೆಡಿಕೇಡ್ ಯೋಜನೆಗೆ ಕತ್ತರಿ ಹಾಕುವ ಕಾನೂನು ಬಂತು. ಹೊಣೆ ಯಾರದ್ದು ಎಂದು ಒಪ್ಪಿಕೊಳ್ಳದ ದೇಶದಲ್ಲಿ ಪ್ರತಿ ಚುನಾವಣೆಯೂ ರೋಗಿಯ ಹಾಸಿಗೆಯನ್ನು ಅಲುಗಾಡಿಸುತ್ತದೆ.

ಆದರೆ ಒಂದು ಮಾತು ಸೇರಿಸಬೇಕು. ನೈತಿಕ ಉತ್ತರ ಯಾವ ದೇಶದಲ್ಲೂ ಒಳ್ಳೆಯ ಮನಸ್ಸಿನಿಂದ ಮಾತ್ರ ಬರಲಿಲ್ಲ. ಬಿಸ್ಮಾರ್ಕ್ ಬಡವರ ಬಂಧುವಾಗಿರಲಿಲ್ಲ. 1878ರಲ್ಲಿ ಸಮಾಜವಾದಿಗಳ ಮೇಲೆ ನಿರ್ಬಂಧದ ಕಾನೂನು ತಂದ ಅದೇ ಮನುಷ್ಯ, ಕಾರ್ಮಿಕರು ಅವರತ್ತ ವಾಲದಿರಲೆಂದು ವಿಮೆ ಕೊಟ್ಟ. ಬ್ರಿಟನ್ನಿನಲ್ಲಿ ವೈದ್ಯರ ಸಂಘ ಬೆವನ್ ಅವರ ಯೋಜನೆಯನ್ನು ಕೊನೆಯ ತಿಂಗಳುಗಳವರೆಗೂ ವಿರೋಧಿಸಿತು. ದೊಡ್ಡ ಆಸ್ಪತ್ರೆಗಳ ತಜ್ಞರಿಗೆ ಖಾಸಗಿ ವೃತ್ತಿಯ ಅವಕಾಶ ಬಿಟ್ಟುಕೊಟ್ಟ ಮೇಲೆಯೇ ದಾರಿ ತೆರೆಯಿತು. ಮೂರು ವರ್ಷ ಕಳೆಯುವಷ್ಟರಲ್ಲಿ, 1951ರಲ್ಲಿ, ಕನ್ನಡಕ ಮತ್ತು ಕಟ್ಟಿಸಿದ ಹಲ್ಲುಗಳಿಗೆ ಶುಲ್ಕ ಹಾಕುವುದನ್ನು ಪ್ರತಿಭಟಿಸಿ ಬೆವನ್ ಮಂತ್ರಿಗಿರಿಯನ್ನೇ ಬಿಟ್ಟರು. ಕೆನಡಾದ ಸಸ್ಕಾಚೆವಾನ್ ಪ್ರಾಂತದಲ್ಲಿ ಟಾಮಿ ಡಗ್ಲಸ್ ಅವರ ಪಕ್ಷ 1962ರ ಜುಲೈ 1ರಂದು ಸಾರ್ವಜನಿಕ ವಿಮೆ ಜಾರಿ ಮಾಡಿದ ದಿನವೇ ವೈದ್ಯರು ಮುಷ್ಕರ ಹೂಡಿದರು. ಅದು 23 ದಿನ ನಡೆಯಿತು. ಪ್ರಾಂತೀಯ ಸರ್ಕಾರ ರಾಜಿ ಮಾಡಿಕೊಂಡಿತು, ಆದರೆ ಯೋಜನೆಯನ್ನು ಕೈಬಿಡಲಿಲ್ಲ. ಹತ್ತೇ ವರ್ಷಗಳಲ್ಲಿ ಕೆನಡಾದ ಪ್ರತಿಯೊಂದು ಪ್ರಾಂತವೂ ಅದೇ ಹಾದಿ ಹಿಡಿದಿತ್ತು. ರೀಡ್ ಈ ಹಿನ್ನೆಲೆಯನ್ನು ಅರಿಯದವರೇನಲ್ಲ. ಆದರೆ ಪುಸ್ತಕದ ಒಟ್ಟು ಒತ್ತು ದೇಶದ ಸ್ವಭಾವ, ಮೌಲ್ಯಗಳ ಕಡೆಗಿದೆ. ಮೌಲ್ಯಗಳನ್ನು ಕಾನೂನಾಗಿಸಲು ಯಾರ ಲಾಭಕ್ಕೆ ಕೈ ಹಾಕಬೇಕಾಯಿತು ಎಂಬ ಪ್ರಶ್ನೆ ಅಷ್ಟು ಜೋರಾಗಿ ಕೇಳಿಸುವುದಿಲ್ಲ. 2023ರಲ್ಲಿ ರಾಜಸ್ಥಾನ ಆರೋಗ್ಯದ ಹಕ್ಕಿನ ಕಾನೂನು ತಂದಾಗ ಖಾಸಗಿ ವೈದ್ಯರು ಬೀದಿಗಿಳಿದದ್ದನ್ನು ಕಂಡ ನಮಗೆ ಸಸ್ಕಾಚೆವಾನ್ ದೂರದ ಊರಾಗಿ ಕಾಣುವುದಿಲ್ಲ.

ಜಗಳ ಗೆದ್ದ ಮೇಲೂ ಕಾವಲು ಬೇಕು ಎಂಬುದಕ್ಕೆ ಬ್ರಿಟನ್ನೇ ಸಾಕ್ಷಿ. ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ಚಿಕಿತ್ಸೆಗಾಗಿ ಕಾಯುವವರ ಪಟ್ಟಿ 2022ರಲ್ಲಿ 70 ಲಕ್ಷ ದಾಟಿತು. ತೆರಿಗೆಯಿಂದ ನಡೆಯುವ ವ್ಯವಸ್ಥೆಗೆ ಹಣ ಬಿಗಿಹಿಡಿದರೆ ಬಡವ ಸಾಲದಲ್ಲಿ ಬೀಳುವುದಿಲ್ಲ, ಸರದಿಯಲ್ಲಿ ನಿಲ್ಲುತ್ತಾನೆ. ಸಾಲಕ್ಕಿಂತ ಸರದಿ ಮೇಲು. ಆದರೆ ಸರದಿ ಉದ್ದವಾದಾಗ ದುಡ್ಡಿದ್ದವರು ಜಾರಿಕೊಳ್ಳುತ್ತಾರೆ, ಅವರೊಂದಿಗೆ ವ್ಯವಸ್ಥೆಯ ಪರವಾದ ದನಿಯೂ ಜಾರುತ್ತದೆ.

ಕೊಯಮತ್ತೂರಿನ ಎಣ್ಣೆ ಮತ್ತು ನಮ್ಮ ನಾಲ್ಕು ಮನೆಗಳು

ಈಗ ನಮ್ಮ ತಕರಾರಿಗೆ ಬರೋಣ. ರೀಡ್ ಭಾರತಕ್ಕೆ ಬರುವುದು ಕೊಯಮತ್ತೂರಿನ ಒಂದು ಆಯುರ್ವೇದ ಚಿಕಿತ್ಸಾಲಯಕ್ಕೆ. ಎಣ್ಣೆ, ತಿಕ್ಕುವಿಕೆ, ಪಥ್ಯ, ವಿಶ್ರಾಂತಿಯಿಂದ ಭುಜದ ನೋವು ಕಡಿಮೆಯಾಗುತ್ತದೆ. ಪ್ರಾಮಾಣಿಕವಾಗಿ ಬರೆದ, ಓದಲು ಹಿತವಾದ ಭಾಗ ಅದು. ಆದರೆ ಭಾರತ ಆ ಪುಸ್ತಕದಲ್ಲಿ ಎರಡೇ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ: ಒಂದು, ಪುರಾತನ ವೈದ್ಯದ ನೆಲ, ಎರಡು, ಜೇಬಿನಿಂದ ಕೊಡುವ ಬಡ ಮಾದರಿಯ ಉದಾಹರಣೆ. ವಿದೇಶದಿಂದ ಬಂದವರಿಗೆ ಅಂಥ ಚಿಕಿತ್ಸಾಲಯದ ಖರ್ಚು ಹೊರೆಯಲ್ಲ. ಅದೇ ಊರಿನ ಮಿಲ್ ಕಾರ್ಮಿಕ ಭುಜ ನೋವಿಗೆ ಎಲ್ಲಿಗೆ ಹೋಗುತ್ತಾನೆ, ಯಾರು ಬಿಲ್ ಕಟ್ಟುತ್ತಾರೆ ಎಂದು ಕೇಳಿದ್ದರೆ ಇನ್ನೊಂದು ಚಿತ್ರ ಸಿಗುತ್ತಿತ್ತು.

ಯಾಕೆಂದರೆ ಅಮೆರಿಕದ ಬಗ್ಗೆ ರೀಡ್ ಹೇಳಿದ್ದು ಭಾರತಕ್ಕೂ ಅಕ್ಷರಶಃ ಒಪ್ಪುತ್ತದೆ. ಇಲ್ಲಿಯೂ ನಾಲ್ಕೂ ಇವೆ. ಸೈನಿಕರಿಗೆ ಸೇನೆಯ ಆಸ್ಪತ್ರೆ, ಕೇಂದ್ರ ಸರ್ಕಾರಿ ನೌಕರರಿಗೆ 1954ರಿಂದ ಪ್ರತ್ಯೇಕ ಆರೋಗ್ಯ ಯೋಜನೆ: ಇವು ಬ್ರಿಟನ್. 1948ರ ಇಎಸ್‌ಐ ಕಾನೂನು, ಕಾರ್ಮಿಕನೂ ಮಾಲೀಕನೂ ಸೇರಿ ಕಟ್ಟುವ ವಂತಿಗೆ: ಇದು ಬಿಸ್ಮಾರ್ಕನ ಜರ್ಮನಿ. ಸರ್ಕಾರ ಹಣ ಕೊಟ್ಟು ಖಾಸಗಿ ಆಸ್ಪತ್ರೆಯಲ್ಲೂ ಚಿಕಿತ್ಸೆ ಕೊಡಿಸುವ ಆಯುಷ್ಮಾನ್ ಭಾರತ್ 2018ರಲ್ಲಿ ಬಂತು. ಅದು ತಕ್ಕಮಟ್ಟಿಗೆ ಕೆನಡಾದ ಛಾಯೆ. ಉಳಿದದ್ದೆಲ್ಲ ಜೇಬು. ಕಾರ್ಖಾನೆಯ ಸಂಬಳ 21,000 ರೂಪಾಯಿಯ ಮಿತಿ ದಾಟಿದರೆ ಕಾರ್ಮಿಕ ಜರ್ಮನಿಯಿಂದ ಹೊರಬೀಳುತ್ತಾನೆ. ಗೂಡಂಗಡಿ, ಆಟೋ, ಬೀಡಿ, ಹೊಲದ ಕೂಲಿಯವರಲ್ಲಿ ಹೆಚ್ಚಿನವರು ಅಲ್ಲಿಗೆ ಕಾಲಿಟ್ಟೇ ಇಲ್ಲ. 1946ರ ಭೋರ್ ಸಮಿತಿಯ ವರದಿ, ಹಣ ಕೊಡಲಾಗದ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದು ಎಂಬ ತತ್ವವನ್ನು ಬ್ರಿಟನ್ನಿನ ಯೋಜನೆ ಜಾರಿಯಾಗುವುದಕ್ಕೂ ಮೊದಲೇ ಇಲ್ಲಿ ಬರೆದಿಟ್ಟಿತ್ತು. ಅಂದರೆ ನೈತಿಕ ಪ್ರಶ್ನೆಗೆ ಉತ್ತರ ನಮ್ಮ ಕಡತದಲ್ಲಿ ಇತ್ತು. ಅದಕ್ಕೆ ಹಣ ಇಡಲಿಲ್ಲ. 2017ರ ರಾಷ್ಟ್ರೀಯ ಆರೋಗ್ಯ ನೀತಿ, ಸರ್ಕಾರಿ ವೆಚ್ಚವನ್ನು 2025ರೊಳಗೆ ಒಟ್ಟು ಉತ್ಪನ್ನದ ಶೇ. 2.5ಕ್ಕೆ ಏರಿಸುವುದಾಗಿ ಹೇಳಿತು. 2021-22ರ ಅಧಿಕೃತ ಲೆಕ್ಕದಲ್ಲಿ ಅದು ಶೇ. 1.84. ಅದೇ ಲೆಕ್ಕದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರ ಜೇಬಿನಿಂದ ಹೋದದ್ದು ಶೇ. 39.4. 2013-14ರಲ್ಲಿ ಶೇ. 64.2 ಇತ್ತು ಎಂಬುದನ್ನು ನೆನೆದರೆ ಇಳಿಕೆ ನಿಜ. ಹೊರೆ ಇನ್ನೂ ಭಾರವಾಗಿರುವುದೂ ನಿಜ.

ಇಲ್ಲದ ಅಧ್ಯಾಯ

ರೀಡ್ ತಮ್ಮ ದೇಶವನ್ನು ಶ್ರೀಮಂತ ದೇಶಗಳೊಂದಿಗೆ ಹೋಲಿಸಿದರು. ಅವರ ಉದ್ದೇಶಕ್ಕೆ ಅದು ಸರಿ. ಆದರೆ ನಾವು ಓದುವಾಗ ಒಂದು ಅಧ್ಯಾಯದ ಕೊರತೆ ಎದ್ದು ಕಾಣುತ್ತದೆ. ಅದು ಥಾಯ್ಲೆಂಡಿನದು. ಬಡತನ ನೀಗಿದ ಮೇಲೆ ಎಲ್ಲರಿಗೂ ಚಿಕಿತ್ಸೆ ಎಂಬ ವಾದವನ್ನು ಈ ದೇಶ ತಲೆಕೆಳಗು ಮಾಡಿತು.

1997ರ ಏಷ್ಯಾದ ಆರ್ಥಿಕ ಕುಸಿತ ಶುರುವಾದದ್ದೇ ಥಾಯ್ಲೆಂಡಿನಲ್ಲಿ. ಅದರ ಗಾಯ ಮಾಯುವ ಮೊದಲೇ, 2001ರಲ್ಲಿ, ತಲಾ ಆದಾಯ 2,000 ಡಾಲರಿನ ಆಸುಪಾಸಿದ್ದಾಗ, ಆ ದೇಶ ಎಲ್ಲರಿಗೂ ಚಿಕಿತ್ಸೆಯ ಯೋಜನೆಯನ್ನು ಆರಂಭಿಸಿತು. ಬೆಲೆಯೇರಿಕೆಯನ್ನು ಕಳೆದು ನೋಡಿದರೆ ಇಂದಿನ ಭಾರತ ಆಗಿನ ಥಾಯ್ಲೆಂಡಿಗಿಂತ ಸ್ವಲ್ಪ ಹಿಂದಿರಬಹುದು, ಹೋಲಿಕೆಗೇ ಸಿಗದಷ್ಟು ಹಿಂದಿಲ್ಲ. ಒಮ್ಮೆ ಆಸ್ಪತ್ರೆಗೆ ಹೋದರೆ 30 ಬಾಟ್ ಶುಲ್ಕ. ಶೀತ ಜ್ವರವಾಗಲಿ, ಹೃದಯದ ಶಸ್ತ್ರಚಿಕಿತ್ಸೆಯಾಗಲಿ ಅಷ್ಟೇ. ಕಡು ಬಡವರಿಗೆ ಅದೂ ಇಲ್ಲ. ಮೊದಲು ಆರು ಪ್ರಾಂತಗಳಲ್ಲಿ, ಒಂದು ವರ್ಷದಲ್ಲಿ ಇಡೀ ದೇಶದಲ್ಲಿ. ಯಾವ ವಿಮೆಯೂ ಇಲ್ಲದಿದ್ದ ಸುಮಾರು 1.8 ಕೋಟಿ ಜನ ಒಳಗೆ ಬಂದರು.

ಇದು ಒಂದು ಚುನಾವಣೆಯ ಪವಾಡವಲ್ಲ. 1970ರ ದಶಕದಿಂದಲೇ ಹೊಸ ವೈದ್ಯರಿಗೆ ಗ್ರಾಮೀಣ ಸೇವೆ ಕಡ್ಡಾಯವಾಗಿತ್ತು. 1980ರ ದಶಕದ ಮೊದಲರ್ಧದಲ್ಲಿ ನಗರದ ಆಸ್ಪತ್ರೆಗಳ ಹೊಸ ಕಟ್ಟಡಗಳಿಗೆ ಹಣ ತಡೆದು ಅದನ್ನು ಜಿಲ್ಲಾ ಮಟ್ಟದ ಸಣ್ಣ ಆಸ್ಪತ್ರೆಗಳಿಗೆ ಹರಿಸಲಾಯಿತು. 1983ರಿಂದ ಹಳ್ಳಿಗರಿಗೆ ಇಷ್ಟವಿದ್ದರೆ ಕೊಳ್ಳಬಹುದಾದ ಆರೋಗ್ಯ ಕಾರ್ಡ್ ಒಂದಿತ್ತು. ಕಾಯಿಲೆ ಇದ್ದವರು ಕೊಂಡರು, ಆರೋಗ್ಯವಂತರು ಕೊಳ್ಳಲಿಲ್ಲ, ನಿಧಿ ಕರಗಿತು. ಸ್ವಇಚ್ಛೆಯ ವಿಮೆಯಿಂದ ಎಲ್ಲರನ್ನೂ ತಲುಪಲಾಗದು ಎಂಬ ಪಾಠವನ್ನು ಅವರು ಕಲಿತದ್ದು ಹೀಗೆ. ಹಳ್ಳಿಯ ಆಸ್ಪತ್ರೆಯಲ್ಲಿ ದುಡಿದಿದ್ದ ಡಾಕ್ಟರ್ ಸಂಗುವಾನ್ ನಿತ್ಯಾರಂಫೊಂಗ್ ಈ ಅನುಭವಗಳನ್ನು ಲೆಕ್ಕವಾಗಿ ಜೋಡಿಸಿ ರಾಜಕೀಯ ಪಕ್ಷಗಳ ಮುಂದಿಟ್ಟರು. ಜನಸಂಘಟನೆಗಳು 50,000 ಸಹಿ ಸಂಗ್ರಹಿಸಿ ತಮ್ಮದೇ ಮಸೂದೆಯನ್ನು ಸಂಸತ್ತಿಗೆ ಕೊಟ್ಟವು. ತಕ್ಸಿನ್ ಶಿನವತ್ರ ಅವರ ಪಕ್ಷ ಅದನ್ನು ಚುನಾವಣೆಯ ಭರವಸೆ ಮಾಡಿಕೊಂಡು ಗೆದ್ದಿತು. 2006ರಲ್ಲಿ ಸೇನೆ ಆ ಸರ್ಕಾರವನ್ನು ಉರುಳಿಸಿತು. ಯೋಜನೆಯನ್ನು ಮುಟ್ಟುವ ಧೈರ್ಯ ಮಾಡಲಿಲ್ಲ. 30 ಬಾಟ್ ಶುಲ್ಕವನ್ನೂ ಕೈಬಿಟ್ಟಿತು.

ಹಣ ಬಂದದ್ದು ತೆರಿಗೆಯಿಂದ. ಅದನ್ನು ಹಂಚಿದ ರೀತಿ ಗಮನಿಸಬೇಕಾದದ್ದು. ಪ್ರತಿ ಶಸ್ತ್ರಚಿಕಿತ್ಸೆಗೆ ಇಷ್ಟು ಎಂದು ಬಿಲ್ ಬರೆದುಕೊಳ್ಳುವ ಅವಕಾಶವನ್ನು ಅವರು ಕೊಡಲಿಲ್ಲ. ಹೊರರೋಗಿಗಳ ಸೇವೆಗೆ, ನೋಂದಾಯಿಸಿದ ತಲೆಗೆ ಇಷ್ಟು ಎಂದು ಸ್ಥಳೀಯ ಆಸ್ಪತ್ರೆಯ ಜಾಲಕ್ಕೆ ಮುಂಗಡವಾಗಿ ಹಣ ಹೋಗುತ್ತದೆ. ಒಳರೋಗಿಗಳ ಚಿಕಿತ್ಸೆಗೆ ಒಟ್ಟು ಮೊತ್ತಕ್ಕೆ ಮಿತಿಯಿದೆ. 2002ರಲ್ಲಿ ಇದೆಲ್ಲ ಸೇರಿ ತಲೆಗೆ 1,202 ಬಾಟ್. ಜನ ಕಾಯಿಲೆ ಬೀಳದಿದ್ದರೆ ಆಸ್ಪತ್ರೆಗೆ ಉಳಿತಾಯ, ಅನಗತ್ಯ ಪರೀಕ್ಷೆ ಬರೆದರೆ ನಷ್ಟ. ಔಷಧದ ಬೆಲೆ ಅಡ್ಡ ಬಂದಾಗ, 2006ರಲ್ಲಿ ಏಡ್ಸ್ ಚಿಕಿತ್ಸೆಯ ಎಫಾವಿರೆನ್ಜ್ ಎಂಬ ಔಷಧದ ಪೇಟೆಂಟನ್ನು ಬದಿಗೊತ್ತಿ, ಅಗ್ಗದ ಆವೃತ್ತಿಯನ್ನು ಭಾರತದಿಂದಲೇ ತರಿಸಿಕೊಂಡರು. 2001ರಲ್ಲಿ ಒಟ್ಟು ಆರೋಗ್ಯ ವೆಚ್ಚದ ಮೂರನೇ ಒಂದರಷ್ಟಿದ್ದ ಜೇಬಿನ ಪಾಲು ಈಗ ಹತ್ತನೇ ಒಂದರ ಆಸುಪಾಸಿಗೆ ಇಳಿದಿದೆ. ಯೋಜನೆ ಬಂದ ಮೇಲೆ ಬಡ ಪ್ರಾಂತಗಳಲ್ಲಿ ಶಿಶುಮರಣ ಇಳಿಯಿತು ಎಂದು ಅರ್ಥಶಾಸ್ತ್ರಜ್ಞರ ಒಂದು ಅಧ್ಯಯನ 2014ರಲ್ಲಿ ತೋರಿಸಿತು. ದೋಷಗಳೂ ಇವೆ. ಸರ್ಕಾರಿ ನೌಕರರ ಯೋಜನೆ ಬೇರೆಯೇ ಉಳಿದಿದೆ, ಅಲ್ಲಿ ತಲಾ ವೆಚ್ಚ ಬಹಳ ಹೆಚ್ಚು. ವಿದೇಶಿ ರೋಗಿಗಳಿಗೆ ಸೇವೆ ಕೊಡುವ ಬ್ಯಾಂಕಾಕಿನ ಖಾಸಗಿ ಆಸ್ಪತ್ರೆಗಳು ವೈದ್ಯರನ್ನು ಸೆಳೆಯುತ್ತವೆ. ಹಲವು ಸರ್ಕಾರಿ ಆಸ್ಪತ್ರೆಗಳು ಹಣದ ಕೊರತೆಯಲ್ಲಿವೆ.

ಈ ಕಥೆಯ ಪಕ್ಕದಲ್ಲಿ ಕರ್ನಾಟಕವನ್ನು ಇಟ್ಟು ನೋಡೋಣ. 2003ರಲ್ಲಿ ಸಹಕಾರ ಸಂಘಗಳ ಮೂಲಕ ಬಂದ ಯಶಸ್ವಿನಿ, ರೈತ ವರ್ಷಕ್ಕೆ 60 ರೂಪಾಯಿ ಕಟ್ಟಿ ಶಸ್ತ್ರಚಿಕಿತ್ಸೆಯ ಭದ್ರತೆ ಪಡೆಯುವ ಯೋಜನೆಯಾಗಿ ದೇಶದ ಗಮನ ಸೆಳೆಯಿತು. ಅದು ಸ್ವಇಚ್ಛೆಯದು, ಸದಸ್ಯರಿಗೆ ಮಾತ್ರ, ಶಸ್ತ್ರಚಿಕಿತ್ಸೆಗೆ ಮಾತ್ರ. 2018ರಲ್ಲಿ ನಿಂತು 2022ರಲ್ಲಿ ಮತ್ತೆ ಶುರುವಾಯಿತು. 2010ರಲ್ಲಿ ಉತ್ತರ ಕರ್ನಾಟಕದಿಂದ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಬಡತನ ರೇಖೆಯ ಕೆಳಗಿನವರಿಗೆ ದೊಡ್ಡ ಕಾಯಿಲೆಗಳ ಚಿಕಿತ್ಸೆಯನ್ನು ಉಚಿತವಾಗಿ ಕೊಡಿಸಿತು. ಯೋಜನೆಯ ಗಡಿಯ ಆಚೀಚೆ ಇದ್ದ ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂದ ಅಧ್ಯಯನ, ಅದರಿಂದ ಸಾವು ಮತ್ತು ಖರ್ಚು ಎರಡೂ ತಗ್ಗಿದವೆಂದು ಹೇಳಿತು. ಹೀಗಾಗಿ ಇಂಥ ಯೋಜನೆಗಳನ್ನು ಬರೀ ತೋರಿಕೆ ಎಂದು ತಳ್ಳಿಹಾಕುವವರ ಜೊತೆ ನಾವಿಲ್ಲ. ನಮ್ಮ ಪ್ರಶ್ನೆ ಬೇರೆ. ಈ ಕಾರ್ಡುಗಳೆಲ್ಲ ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವನಿಗೆ. ಜನರ ಜೇಬು ಬರಿದಾಗುವುದಾದರೋ ಹೆಚ್ಚಾಗಿ ಮಲಗುವ ಮೊದಲು: ಡಾಕ್ಟರ ಫೀಸು, ರಕ್ತ ಪರೀಕ್ಷೆ, ತಿಂಗಳು ತಿಂಗಳು ಕೊಳ್ಳುವ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ. ಆ ಮಾತ್ರೆಯನ್ನು ದುಡ್ಡಿಲ್ಲದೆ ಬಿಟ್ಟವನು ಕಿಡ್ನಿ ಕೆಟ್ಟ ಮೇಲೆ ಕಾರ್ಡ್ ಹಿಡಿದು ದೊಡ್ಡಾಸ್ಪತ್ರೆಗೆ ಬರುತ್ತಾನೆ. ಥಾಯ್ಲೆಂಡ್ ಕೆಳಗಿನಿಂದ ಕಟ್ಟಿತು, ನಾವು ಮೇಲಿನಿಂದ ಕಟ್ಟುತ್ತಿದ್ದೇವೆ. ಹಾಗೆಂದು ಕೆಳಗಿನಿಂದ ಕಟ್ಟುವ ವಿದ್ಯೆ ನಮ್ಮಲ್ಲಿ ಇಲ್ಲವೆಂದಲ್ಲ. 1990ರ ದಶಕದ ಮಧ್ಯದಲ್ಲಿ ತಮಿಳುನಾಡು ಔಷಧಗಳನ್ನು ಒಟ್ಟಾಗಿ ಕೊಂಡು ಸರ್ಕಾರಿ ಆಸ್ಪತ್ರೆಗಳಿಗೆ ತಲುಪಿಸುವ ನಿಗಮವನ್ನು ಕಟ್ಟಿ ಅದನ್ನು ಮಾಡಿ ತೋರಿಸಿತು. ರಾಜಸ್ಥಾನ 2011ರಲ್ಲಿ ಉಚಿತ ಔಷಧ ಯೋಜನೆ ತಂದಿತು.

ಜುಮಾ ನಮಾಜು ಮುಗಿದ ಮೇಲೆ ಮಸೀದಿಯ ಬಾಗಿಲಲ್ಲಿ, ಜಾತ್ರೆಯಲ್ಲಿ, ಚರ್ಚಿನ ಅಂಗಳದಲ್ಲಿ, ಈಗೀಗ ಮೊಬೈಲಿನ ಸಂದೇಶಗಳಲ್ಲಿ ಆಸ್ಪತ್ರೆಯ ಎಸ್ಟಿಮೇಟ್ ಚೀಟಿ ಹಿಡಿದು ನೆರವು ಕೇಳುವವರನ್ನು ಕಾಣದ ವಾರವಿಲ್ಲ. ಕೊಡುವ ಕೈಗಳು ನಮ್ಮಲ್ಲಿ ಕಡಿಮೆಯಿಲ್ಲ, ಅದು ನಮ್ಮ ಸಮಾಜದ ದೊಡ್ಡ ಗುಣ. ಆದರೆ ಆ ಚೀಟಿಯೇ ನಮ್ಮ ಆರೋಗ್ಯ ಹಣಕಾಸಿನ ನಿಜವಾದ ದಾಖಲೆ. ಮಾತು ಬಲ್ಲವನಿಗೆ, ಪರಿಚಯ ಇದ್ದವನಿಗೆ, ಮಗುವಿನ ಫೋಟೊ ಇದ್ದವನಿಗೆ ಹಣ ಕೂಡುತ್ತದೆ. ನಾಚಿಕೆಯ ಮುದುಕಿಗೆ ಕೂಡುವುದಿಲ್ಲ. ದಾನ ಕೊಡುವವನ ಮನಸ್ಸನ್ನು ನೋಡಿ ಹರಿಯುತ್ತದೆ. ತೆರಿಗೆ, ವಂತಿಗೆಗಳಿಂದ ಕಟ್ಟಿದ ನಿಧಿ ರೋಗವನ್ನು ನೋಡಿ ಹರಿಯಬಲ್ಲದು. ಆರೋಗ್ಯವಾಗಿರುವಾಗ ಎಲ್ಲರೂ ಶಕ್ತ್ಯಾನುಸಾರ ಕಟ್ಟುವುದು, ಕಾಯಿಲೆ ಬಿದ್ದಾಗ ಯಾರೂ ಕೈಚಾಚದಿರುವುದು: ಜರ್ಮನಿಯಿಂದ ಥಾಯ್ಲೆಂಡಿನವರೆಗೆ ಗೆದ್ದ ಸುಧಾರಣೆಗಳ ತಿರುಳು ಇಷ್ಟೇ.

ರೀಡ್ ಅವರ ಪುಸ್ತಕ ಓದಲೇಬೇಕಾದದ್ದು. ವೈದ್ಯರು, ಶಾಸಕರು, ಪತ್ರಕರ್ತರು ಓದಿದರೆ, ವಿಮಾ ಕಾರ್ಡು ಹಂಚಿದರೆ ಆರೋಗ್ಯದ ಕೆಲಸ ಮುಗಿಯಿತು ಎಂಬ ಭ್ರಮೆ ಸ್ವಲ್ಪವಾದರೂ ಕರಗೀತು. ಆದರೆ ಓದಿ ಮುಗಿಸಿದ ಮೇಲೆ ಥಾಯ್ಲೆಂಡಿನ ಅಧ್ಯಾಯವನ್ನು ನಾವೇ ಸೇರಿಸಿಕೊಳ್ಳಬೇಕು. ಮತ ಕೇಳಲು ಬರುವವರನ್ನು, ದೊಡ್ಡಾಸ್ಪತ್ರೆಯ ಶಂಕುಸ್ಥಾಪನೆಯ ಬಗ್ಗೆ ಕೇಳುವ ಮೊದಲು, ನಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ತಿಂಗಳು ಸಕ್ಕರೆ ಕಾಯಿಲೆಯ ಮಾತ್ರೆ ಇದೆಯೇ ಎಂದು ಕೇಳಬೇಕು.